ಕೌಂಟರಿನಾಚೆಯ ಅಂಕಯ್ಯ

ಅಂಕಯ್ಯನ ಬೆನ್ನು ಹೇಗಿದೆಯೆಂದು ಹುಣಸೂರಿನಲ್ಲಿ ಯಾರನ್ನು ಕೇಳಿದರೂ ಖಚಿತವಾಗಿ ಹೇಳಲಾರರು. ಇಪ್ಪತ್ತೊಂಬತ್ತು ವರ್ಷ ಒಂದೇ ಬಾರಿನ ಒಂದೇ ಕೌಂಟರಿನ ಹಿಂದೆ ನಿಂತ ಆ ಮನುಷ್ಯ ಗಿರಾಕಿಗೆ ಬೆನ್ನು ತಿರುಗಿಸಿದ್ದನ್ನು ಕಂಡವರಿಲ್ಲ. ಹಿಂಬದಿಯ ಕಪಾಟಿನಲ್ಲಿ ನಾಲ್ಕು ಸಾಲಾಗಿ ನಿಂತ ಬಾಟಲಿಗಳಲ್ಲಿ ಯಾವುದನ್ನು ಕೇಳಿದರೂ ಅವನ ಕಣ್ಣು ಎದುರಿನವನ ಮುಖವನ್ನು ಬಿಟ್ಟು ಕದಲುತ್ತಿರಲಿಲ್ಲ. ಬಲಗೈ ಮಾತ್ರ ತನ್ನ ಪಾಡಿಗೆ ತಾನು ಹಿಂದಕ್ಕೆ ಹೋಗಿ, ಅರೆಗಳಿಗೆ ಗಾಳಿಯಲ್ಲಿ ಯೋಚನೆ ಮಾಡಿ, ಬೇಕಾದ ಬಾಟಲಿಯ ಕತ್ತನ್ನೇ ಹಿಡಿದು ಮುಂದಕ್ಕೆ ಬರುತ್ತಿತ್ತು. ಒಮ್ಮೆಯೂ ತಪ್ಪಿದ್ದಿಲ್ಲ. ಹೀಗೇಕೆಂದು ನಾನು ಕೇಳಿದ್ದೆ. ಕುಡಿಯುವವನ ಮುಖ ಒಂದು ನಿಮಿಷದಲ್ಲಿ ಮೂರು ಸಲ ಬದಲಾಗುತ್ತದೆ, ನಾನು ಆ ಕಡೆ ತಿರುಗಿದರೆ ನಡುವಿನದು ತಪ್ಪಿಹೋಗುತ್ತದೆ ಎಂಬರ್ಥದ ಉತ್ತರ ಬಂತು.

ಕೌಂಟರಿಗೂ ಕಪಾಟಿಗೂ ನಡುವೆ ಇದ್ದದ್ದು ಒಂದೂವರೆ ಅಡಿಯ ಸಂದು. ವಯಸ್ಸಿನ ಜೊತೆಗೆ ಹೊಟ್ಟೆಯೂ ತುಸು ಮುಂದೆ ಬಂದ ಮೇಲೆ ಅಲ್ಲಿ ನೇರವಾಗಿ ನಡೆಯುವುದು ಅಂಕಯ್ಯನಿಗೆ ಅಸಾಧ್ಯವಾಗಿ, ಭುಜವನ್ನು ಮುಂದೆ ಮಾಡಿಕೊಂಡು ಅಡ್ಡಡ್ಡಲಾಗಿ ಜಾರುವ ಒಂದು ನಡಿಗೆ ಅವನ ಮೈಗೆ ಹತ್ತಿಬಿಟ್ಟಿತ್ತು. ಹುಣಸೂರಿನ ಸಂತೆಬೀದಿಯಲ್ಲಿ, ನಾಲ್ಕು ಎತ್ತಿನಗಾಡಿ ಒಟ್ಟಿಗೆ ಹೋಗಬಹುದಾದ ಅಗಲದಲ್ಲಿಯೂ, ಪಂಕ್ತಿಯ ನಡುವೆ ಸಾರಿನ ಬಕೆಟ್ಟು ಹಿಡಿದು ಸಾಗುವವನ ಹಾಗೆ ಅವನು ಓರೆಯಾಗಿಯೇ ನಡೆಯುತ್ತಿದ್ದ. ಉಡುಪಿನಲ್ಲೂ ವೈವಿಧ್ಯವಿಲ್ಲ. ಬೂದಿಬಣ್ಣದ ಅರೆತೋಳಿನ ಸಫಾರಿ ಅಂಗಿ, ಅದಕ್ಕೆ ನಾಲ್ಕು ಜೇಬು; ಅಂಥವು ಅವನ ಬಳಿ ಐದಿದ್ದವು, ಐದೂ ಒಂದೇ ಥಾನಿನಿಂದ ಹೊಲಿಸಿದವು. ಆದ್ದರಿಂದ ಅಂಕಯ್ಯ ಬಟ್ಟೆ ಬದಲಾಯಿಸುವುದಿಲ್ಲವೆಂಬ ಅಪವಾದವೊಂದು ಅವನಿಗೆ ಸುಮ್ಮನೆ ಅಂಟಿಕೊಂಡಿತ್ತು, ಅದನ್ನು ಅಲ್ಲಗಳೆಯುವ ಗೋಜಿಗೆ ಅವನು ಹೋದವನಲ್ಲ. ಅವನು ಕುಡಿಯುತ್ತಿದ್ದುದು ಮಜ್ಜಿಗೆ. ಮದ್ಯದ ಹನಿಯೂ ನಾಲಗೆಗೆ ತಾಗದಿದ್ದರೂ, ಖಾಲಿ ಲೋಟವನ್ನು ಮೂಗಿನ ಮುಂದೆ ಒಂದು ಸಲ ಹಾಯಿಸಿ ಅದರಲ್ಲಿದ್ದದ್ದು ಯಾವುದು, ನೀರು ಎಷ್ಟು ಬಿದ್ದಿತ್ತು ಎಂದು ಹೇಳಬಲ್ಲ ಮೂಗು ಅವನದು.

ಆ ಬಾರಿನಲ್ಲಿ ಅಂಕಯ್ಯ ಸ್ವಂತವಾಗಿ ನಡೆಸಿಕೊಂಡು ಬಂದ ಒಂದು ಪದ್ಧತಿಯಿತ್ತು. ಹೊಸಬನಾಗಲಿ ಹಳಬನಾಗಲಿ, ಕೌಂಟರಿಗೆ ಬಂದು ನಿಂತವನನ್ನು ಅವನು ಮೊದಲು ಕೇಳುತ್ತಿದ್ದುದು ಏನು ಬೇಕೆಂದಲ್ಲ, ಯಾವೂರ ಬಸ್ಸೆಂದು. ಸರಗೂರು, ಹಂಪಾಪುರ, ಪಿರಿಯಾಪಟ್ಟಣ, ಕೆ.ಆರ್. ನಗರ, ಮಿರ್ಲೆ, ಎಲ್ಲ ಕಡೆಯ ಬಸ್ಸಿನ ವೇಳೆಗಳೂ, ಯಾವ ಡ್ರೈವರು ಹತ್ತು ನಿಮಿಷ ಮುಂಚೆಯೇ ಬಿಡುತ್ತಾನೆಂಬ ಗುಟ್ಟೂ ಅವನ ತಲೆಯಲ್ಲಿದ್ದವು. ಸುರಿಯುವುದೆಲ್ಲ ಬಸ್ಸಿನ ಮೇಲೆ ನಿಂತಿತ್ತು. ಬಸ್ಸಿಗೆ ಅರ್ಧ ಗಂಟೆಯಿದೆಯೆಂದರೆ ಇಂತಿಷ್ಟು. ಒಂದು ಗಂಟೆಯಿದ್ದರೂ ಮುಖ ಕೆಂಪೇರಿದ್ದರೆ ಅದಕ್ಕಿಂತ ಕಡಿಮೆ. ಹೊತ್ತಾಯಿತೆಂದು ಅವನಿಗೆ ಅನ್ನಿಸಿದೊಡನೆ ಅಂಗೈಯನ್ನು ಲೋಟದ ಬಾಯಿಯ ಮೇಲೆ ಮುಚ್ಚಿ, ಪಕ್ಕದವನಿಗೂ ಕೇಳದ ದನಿಯಲ್ಲಿ, 'ಸಾಕು ಬುಡಿ, ಬಸ್ಸು ಬಂತು' ಎನ್ನುತ್ತಿದ್ದ. ಬಸ್ಸು ಬಂದಿರುತ್ತಿರಲಿಲ್ಲ. ಆದರೂ ಹಂಪಾಪುರದ ಚಿಕ್ಕಬೀರಯ್ಯನಂಥ ಜಗಳಗಂಟ ಕೂಡ ಆ ಅಂಗೈಯನ್ನು ಸರಿಸಿದ್ದಿಲ್ಲ. ಬಾರಿನ ಮಾಲೀಕ ಕನಕರಾಜು ಇದರಿಂದ ವ್ಯಾಪಾರ ಕೆಡುತ್ತದೆಂದು ಮೊದಮೊದಲು ಗೊಣಗಿದನಂತೆ. ಹೆಂಗಸರು ತಾವಾಗಿಯೇ ಗಂಡಂದಿರಿಗೆ, ಹೋಗುವುದೇ ಆದರೆ ಅಂಕಯ್ಯನಲ್ಲಿಗೆ ಹೋಗು ಎಂದು ಹೇಳಿಕಳಿಸುತ್ತಾರೆಂದು ತಿಳಿದ ಮೇಲೆ ಗೊಣಗುವುದನ್ನು ನಿಲ್ಲಿಸಿದ.

ನಾನು ಅವನಲ್ಲಿಗೆ ಹೋದದ್ದು ಕುಡಿಯಲಿಕ್ಕಲ್ಲ. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ, ಬೆಂಗಳೂರಿನ ಒಂದು ಟೀವಿ ಚಾನೆಲ್ಲಿನ ಹಾಸ್ಯ ಕಾರ್ಯಕ್ರಮಕ್ಕೆ ಪ್ರಹಸನಗಳನ್ನು ಬರೆದುಕೊಡುವ ಚಟ ನನಗೆ ಹತ್ತಿತು. ಬರೆದ ಪ್ರಹಸನಗಳಲ್ಲಿ ಏಳರಲ್ಲಿ ಬಾರಿನ ದೃಶ್ಯವಿತ್ತು, ಏಳರಲ್ಲೂ ಬಾರಿನವನಿದ್ದ. ನಾನೋ, ಅರವತ್ತೆರಡು ವರ್ಷಕ್ಕೆ ಬಾರಿನ ಹೊಸ್ತಿಲು ತುಳಿದವನಲ್ಲ. ನನ್ನ ಬಾರಿನವರೆಲ್ಲ ಬೇರೆ ಪ್ರಹಸನಗಳ ಬಾರಿನವರನ್ನು ನೋಡಿ ಹುಟ್ಟಿದವರು. ಆ ಬಾರಿನವರು ಸಿನಿಮಾ ಹಾಡುಗಳ ಬಾರಿನವರನ್ನು ನೋಡಿ ಹುಟ್ಟಿದವರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ಹಿಡಿದು, ಹುಣಸೂರಿನಲ್ಲಿ ಒಬ್ಬರಿದ್ದಾರೆ, ಅವರು ನಿಮ್ಮ ಕಾರ್ಯಕ್ರಮ ಒಂದನ್ನೂ ತಪ್ಪಿಸುವುದಿಲ್ಲ, ಒಂದು ಸಲ ಹೋಗಿ ಮಾತಾಡಿಸಿ ಎಂದ. ಹೊಗೆಸೊಪ್ಪಿನ ಹರಾಜಿನ ಕಾಲ. ರೈತರೆಲ್ಲ ಹರಾಜುಕಟ್ಟೆಯಲ್ಲಿದ್ದ ಒಂದು ಬೆಳಗಿನ ಹನ್ನೊಂದರ ಹೊತ್ತಿಗೆ, ಪರಿಚಿತರು ಯಾರಾದರೂ ನೋಡಿಯಾರೆಂದು ಆಚೀಚೆ ಕಣ್ಣು ಹಾಯಿಸುತ್ತ ನಾನು ಒಳಹೊಕ್ಕೆ. ಅಂಕಯ್ಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಮಾತೂ ಕೇಳದೆ, ಒಂದು ಲೋಟ ಮಜ್ಜಿಗೆಯನ್ನು ಮುಂದಿಟ್ಟ.

ಬಾರಿನ ಮೂಲೆಯಲ್ಲಿ ಎತ್ತರಕ್ಕೆ ಒಂದು ಟೀವಿ ಇತ್ತು. ಕಳೆದ ವಾರದ ನನ್ನದೇ ಪ್ರಹಸನ ಅದರಲ್ಲಿ ಮತ್ತೆ ಬರುತ್ತಿತ್ತು. ನಾನೇ ಬರೆದವನೆಂದು ಹೇಳಿಕೊಂಡು ಸ್ವಲ್ಪ ಎದೆ ಉಬ್ಬಿಸಿದೆ. ಅಂಕಯ್ಯ ಹೊಗಳಲಿಲ್ಲ. ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಒಂದೇ ಲೋಟವನ್ನು ಹದಿನೈದು ನಿಮಿಷ ಒರೆಸುತ್ತಿದ್ದ ನನ್ನ ಬಾರಿನವನನ್ನು ದಿಟ್ಟಿಸಿ ನೋಡಿ, 'ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ, ಇವ್ನು ಬಾರ್‌ನೋನಲ್ಲ ಕಣ್ರೀ, ಓಟ್ಲೋನು' ಎಂದ. ನನಗೆ ಮೈ ಉರಿಯಿತು. ಸುಳ್ಳೇಕೆ ಹೇಳಲಿ, ಎದ್ದು ಬಂದುಬಿಡೋಣವೆನ್ನಿಸಿತು. ಮಜ್ಜಿಗೆ ಚೆನ್ನಾಗಿತ್ತು, ಕೂತೆ.

ಅಂದಿನಿಂದ ವಾರಕ್ಕೊಂದು ದಿನ ಬೆಳಗ್ಗೆ ಅಲ್ಲಿಗೆ ಹೋಗುವುದು ನನ್ನ ನೇಮವಾಯಿತು. ಹಾಡುಗಳಲ್ಲೂ ಹಾಸ್ಯದಲ್ಲೂ ಬರುವ ಬಾರಿನವರ ಬಗ್ಗೆ ಅಂಕಯ್ಯನಷ್ಟು ನಿಷ್ಠುರವಾಗಿ ವಿಮರ್ಶೆ ಮಾಡಿದವರನ್ನು ನಾನು ವಿದ್ವತ್ಸಭೆಗಳಲ್ಲಿಯೂ ಕಂಡಿಲ್ಲ. ನಾಯಕನ ಜೊತೆ ಸೇರಿ ಕೌಂಟರಿನ ಮೇಲೆ ಹತ್ತಿ ಕುಣಿಯುವ ಬಾರಿನವನನ್ನು ಕಂಡರೆ ಅವನಿಗೆ ಮೊದಲು ಬರುತ್ತಿದ್ದುದು ಕಪಾಟಿನ ಬಾಟಲಿಗಳ ಚಿಂತೆ. ತಲೆಯ ಮೇಲೆ ಬಾಟಲಿ ಒಡೆಸಿಕೊಂಡು ಹಲ್ಲು ಕಿರಿಯುವ ಬಾರಿನವನನ್ನು ಕಂಡರೆ, ಆ ಪಾತ್ರ ಬರೆದವನನ್ನು ಒಂದು ದಿನ ತನ್ನ ಜಾಗದಲ್ಲಿ ನಿಲ್ಲಿಸಬೇಕೆಂದು ಅವನ ಆಸೆ. ಆದರೆ ಎಲ್ಲಕ್ಕಿಂತ ಅವನು ತಡೆದುಕೊಳ್ಳಲಾರದೆ ಹೋಗುತ್ತಿದ್ದುದು, ಪ್ರೀತಿಯಲ್ಲಿ ಸೋತ ನಾಯಕ ತನ್ನ ಕಥೆ ಹಾಡುವಾಗ ಎದುರು ನಿಂತು ಕಣ್ಣೊರೆಸಿಕೊಳ್ಳುವ ಬಾರಿನವನನ್ನು. ಪ್ರೇಕ್ಷಕರು ಮೆಚ್ಚುವ ಪಾತ್ರವಲ್ಲವೇ ಅದು ಎಂದೆ. ಅಂಕಯ್ಯ ಟೀವಿಯ ಸದ್ದನ್ನು ತಗ್ಗಿಸಿ ಹೇಳಿದ.

'ಕೇಳುಸ್ಕಬೇಕು ಮೇಷ್ಟ್ರೇ, ಅಳಬಾರ್ದು. ಒಬ್ರಿಗೆ ಅತ್ರೆ ಎಲ್ಲಾರ್ಗೂವೆ ಅಳಬೇಕಾಯ್ತದೆ. ಆಮೇಕೆ ಕೌಂಟ್ರು ನೋಡ್ಕಳೋರು ಯಾರು?'

ನನ್ನ ಪ್ರಹಸನಗಳು ಸುಧಾರಿಸಿದವು, ಅದನ್ನು ಒಪ್ಪಿಕೊಳ್ಳಲೇಬೇಕು. ಇಷ್ಟರಲ್ಲಿ ಒಂದು ಬೆಳಗ್ಗೆ ಹೋದಾಗ ಅಂಕಯ್ಯನ ಮುಖ ಸಪ್ಪಗಿತ್ತು. ಕನಕರಾಜು ಬಾರನ್ನು ಮುಚ್ಚಿ, ಅದೇ ಜಾಗದಲ್ಲಿ ಎಂಆರ್‌ಪಿ ಅಂಗಡಿ ತೆರೆಯಲು ನಿಶ್ಚಯಿಸಿದ್ದ. ಅಂದರೆ ಕೂರುವಂತಿಲ್ಲ, ನಿಂತು ಕುಡಿಯುವಂತಿಲ್ಲ, ಲೋಟವಿಲ್ಲ, ಮಾತಿಲ್ಲ. ಕಬ್ಬಿಣದ ಜಾಲರಿಯ ಒಂದು ಕಿಂಡಿ, ಕಿಂಡಿಯೊಳಗೆ ಕೈ ಬರುತ್ತದೆ, ಬಾಟಲಿ ಹೋಗುತ್ತದೆ. ಕಿಂಡಿಯ ಹಿಂದೆ ಕೂರುವ ಕೆಲಸವನ್ನು ಅಂಕಯ್ಯನಿಗೇ ಕೊಡುವುದಾಗಿ ಕನಕರಾಜು ದೊಡ್ಡ ಮನಸ್ಸು ಮಾಡಿದ್ದ. ಅನ್ನಕ್ಕೇನೂ ತೊಂದರೆಯಿರಲಿಲ್ಲ. ಆದರೆ ಜಾಲರಿಯಾಚೆ ಬರೀ ಕೈ ಕಾಣುವುದೆಂದೂ, ಮುಖ ಕಾಣದವನಿಗೆ ಯಾವೂರ ಬಸ್ಸೆಂದು ಕೇಳುವುದು ಹೇಗೆಂದೂ ಅಂಕಯ್ಯ ಹಲುಬಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಕಲಿತದ್ದೆಲ್ಲ ಬರುವ ತಿಂಗಳ ಒಂದನೇ ತಾರೀಕಿನಿಂದ ಯಾರಿಗೂ ಬೇಡದ್ದಾಗುತ್ತದೆಂಬುದು ಅವನ ಸಂಕಟ.

ಅದೇ ವಾರ ನಮ್ಮ ಕಾರ್ಯಕ್ರಮದವರು ಹೊಸ ಯೋಜನೆಯೊಂದನ್ನು ಮುಂದಿಟ್ಟಿದ್ದರು. ಒಂದು ಬಾರು, ಅದಕ್ಕೆ ಒಬ್ಬ ಕಾಯಂ ಬಾರಿನವನು, ವಾರವಾರವೂ ಬಂದು ನಗಿಸಿ ಹೋಗುವ ಒಬ್ಬೊಬ್ಬ ಗಿರಾಕಿ. ವರ್ಷಪೂರ್ತಿ ನಡೆಯುವ ಸರಣಿ. ಬಾರಿನವನಿಗೆ ಮಾತು ಕಡಿಮೆ, ಇರವು ಹೆಚ್ಚು. ನಟನೇ ಬೇಕಿಲ್ಲ, ಅಸಲಿ ಮನುಷ್ಯನನ್ನೇ ತರುತ್ತೇನೆಂದು ನಾನು ನಿರ್ದೇಶಕರಿಗೆ ಮಾತು ಕೊಟ್ಟೆ. ಮೊದಲ ಕಂತು ಸರಿಹೋದರೆ ವರ್ಷದ ಪಾತ್ರ ಅವನದೇ ಎಂದು ಅವರೂ ಒಪ್ಪಿದರು. ಸುದ್ದಿ ಹೇಳಲು ಹೋದಾಗ ಅಂಕಯ್ಯ ಕೌಂಟರನ್ನು ಎರಡು ಕೈಯಿಂದಲೂ ಹಿಡಿದು ನಿಂತ.

'ಒಂದ್ಸಲ, ಒಂದೇ ಒಂದ್ಸಲ, ಟೀವಿನಲ್ಲಿ ಬಾರ್‌ನೋನು ಬಾರ್‌ನೋನಂಗೆ ನಿಂತ್ಕಬೇಕು ಅಂತಿತ್ತು ಮೇಷ್ಟ್ರೇ.'

ಅವನ ಹೆಂಡತಿ ಪ್ರಮೀಳಾ ಐದು ಸಫಾರಿಗಳಲ್ಲಿ ಒಳ್ಳೆಯದನ್ನು ಇಸ್ತ್ರಿ ಮಾಡಿಸಿಟ್ಟಳು. ಬಸ್‌ಸ್ಟ್ಯಾಂಡಿನ ಚಾದಂಗಡಿಯಿಂದ ಹಿಡಿದು ಹರಾಜುಕಟ್ಟೆಯವರೆಗೆ ಸುದ್ದಿ ಹಬ್ಬಿತು. ಎಚ್.ಡಿ. ಕೋಟೆ ಕಡೆಯ ಬಸ್ಸಿನ ಕಂಡಕ್ಟರೊಬ್ಬ ಬಸ್ಸನ್ನು ನಿಲ್ಲಿಸಿಯೇ ಅಂಕಯ್ಯನ ಕೈಕುಲುಕಿ ಹೋದನಂತೆ. ನಾವಿಬ್ಬರೂ ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ನನ್ನ ತಂಗಿಯ ಮನೆಯಲ್ಲಿ ಉಳಿದು, ಬೆಳಗ್ಗೆ ಹತ್ತಕ್ಕೆ ಸ್ಟುಡಿಯೋ ಸೇರಿದೆವು.

ಮೊದಲ ಕಂತಿನ ಗಿರಾಕಿ ಸುನೀಲ್ಕುಮಾರ್. ಕಾರ್ಯಕ್ರಮದ ಜೀವಾಳವೇ ಅವನು; ಸರಗೂರಿನ ಕಡೆಯ ಹುಡುಗ, ಮೂವತ್ತೈದರ ಪ್ರಾಯ, ಕುಡುಕನ ಪಾತ್ರದಲ್ಲಿ ಅವನನ್ನು ಮೀರಿಸುವವರಿಲ್ಲ. ನಾನು ಬರೆದ ದೃಶ್ಯ ಸರಳವಾದದ್ದು. ಬಾರಿನವನು ನಾಲ್ಕು ಸಲ ಸುರಿಯಬೇಕು, ಸುನೀಲ ನಾಲ್ಕು ಸಲ ಕುಡಿದು ನಾಲ್ಕು ಬಗೆಯಲ್ಲಿ ಮಾತಾಡಬೇಕು, ಕೊನೆಗೆ ಕೌಂಟರಿನ ಮೇಲೆ ಹತ್ತಿ ಕುಣಿದು ಹಿಮ್ಮುಖವಾಗಿ ಕೆಳಗಿನ ಹಾಸಿಗೆಯ ಮೇಲೆ ಬೀಳಬೇಕು. ಬಾಟಲಿಯಲ್ಲಿ ಇರುತ್ತಿದ್ದುದು, ಇಂಥ ದೃಶ್ಯಗಳಲ್ಲಿ ಎಂದಿನಂತೆ, ಸಕ್ಕರೆ ಹಾಕದ ಟೀ ಡಿಕಾಕ್ಷನ್ನು.

ಕ್ಯಾಮೆರಾ ಓಡಿತು. ಅಂಕಯ್ಯ ನಿಂತ ಭಂಗಿಗೇ ನಿರ್ದೇಶಕರು ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ಬಲಗೈ ಹಿಂದಕ್ಕೆ ಹೋಯಿತು, ಬಾಟಲಿ ಬಂತು, ಕಣ್ಣು ಸುನೀಲನ ಮೇಲಿಂದ ಕದಲಲಿಲ್ಲ. ಕೂತ ಪ್ರೇಕ್ಷಕರಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು. ಮೊದಲನೆಯದನ್ನು ಸುರಿದ. ಸುನೀಲ ಕುಡಿದು ನಗಿಸಿದ. ಎರಡನೆಯದನ್ನು ಸುರಿಯುವ ಮೊದಲು ಅಂಕಯ್ಯ ಖಾಲಿ ಲೋಟವನ್ನು ಎಂದಿನ ಅಭ್ಯಾಸದಂತೆ ಮೂಗಿನ ಮುಂದೆ ಹಾಯಿಸಿದ, ತುಸು ನಿಂತ, ಸುರಿದ. ಮೂರನೆಯದಕ್ಕೆ ಸುನೀಲ ಲೋಟ ಮುಂದೆ ಚಾಚಿದಾಗ ಅಂಕಯ್ಯನ ಎಡಗೈ ಬಂದು ಲೋಟದ ಬಾಯಿಯನ್ನು ಮುಚ್ಚಿತು.

'ಸಾಕು ಬುಡಿ. ಯಾವೂರ್ ಬಸ್ಸು ನಿಮ್ದು?'

ನಾನು ಬರೆದದ್ದರಲ್ಲಿ ಈ ಮಾತಿರಲಿಲ್ಲ. ಸುನೀಲ ಅವನನ್ನೇ ಪಿಳಿಪಿಳಿ ನೋಡಿದ. ನಿರ್ದೇಶಕರು ನಿಲ್ಲಿಸಿ, ನಕ್ಕು, ಅದು ಟೀ ಕಣಯ್ಯಾ, ಸುರಿ ಎಂದು ತಿಳಿಹೇಳಿ ಮತ್ತೆ ಶುರುಮಾಡಿಸಿದರು. ಅಂಕಯ್ಯ ಬಾಟಲಿಯನ್ನು ಎತ್ತಲಿಲ್ಲ. ಅದರೊಳಗೆ ಇರುವೆ ಬಿದ್ದಿದೆಯೆಂದೂ ಬೇರೆ ಬಾಟಲಿ ಬೇಕೆಂದೂ ಹಟ ಹಿಡಿದ. ಸಾಮಾನು ಒದಗಿಸುವವನು ಬಂದು ಬಗ್ಗಿ ನೋಡಿ ಇರುವೆಯೇ ಇಲ್ಲವೆಂದ. ಅಂಕಯ್ಯ ಬಾಟಲಿಯನ್ನು ಅವನ ಕೈಗೆ ಕೊಡದೆ, ಓರೆಯಾಗಿ ಜಾರಿಕೊಂಡು ಹೋಗಿ, ಮೂಲೆಯ ತೊಟ್ಟಿಯಲ್ಲಿ ಪೂರ್ತಿ ಚೆಲ್ಲಿ, ನಲ್ಲಿ ಬಿಟ್ಟು ತೊಳೆದುಬಿಟ್ಟ. ಇನ್ನೂರು ಜನ ಪ್ರೇಕ್ಷಕರು, ಮೂರು ಕ್ಯಾಮೆರಾ, ನಿಂತುಹೋದ ಕೆಲಸ. ನಿರ್ದೇಶಕರ ನಗು ಮಾಯವಾಯಿತು. ಇಂಥವರನ್ನೆಲ್ಲ ಎಲ್ಲಿಂದ ಹಿಡಿದು ತರುತ್ತೀರಿ ಎಂದು ಎಲ್ಲರೆದುರಿಗೆ ನನ್ನನ್ನು ಕೇಳಿ, ಅಂಕಯ್ಯನನ್ನು ಕೌಂಟರಿನ ಹಿಂದಿನಿಂದ ಹೊರಗೆ ಕಳಿಸಿದರು. ಹೊಸದಾಗಿ ಟೀ ತುಂಬಿಸಿ, ಬೇರೊಬ್ಬನನ್ನು ನಿಲ್ಲಿಸಿ ದೃಶ್ಯ ಮುಗಿಸಿದರು. ಸುನೀಲ ಅಂದು ಮಂಕಾಗಿಯೇ ಮಾತಾಡಿದ, ಕುಣಿಯುವುದನ್ನು ಬೇಡವೆಂದು ಬಿಡಿಸಿದ. ಅದಕ್ಕೂ ಅಂಕಯ್ಯನೇ ಕಾರಣ, ನಟನ ಲಹರಿ ಕೆಡಿಸಿದ ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಮದ್ದೂರು ದಾಟುವವರೆಗೂ ಸಿಟ್ಟನ್ನು ಹಿಡಿದುಕೊಂಡೆ. ಆಮೇಲೆ ತಡೆಯಲಾರದೆ ಬೈದೆ. ಮೂರು ದಶಕ ಮದ್ಯದ ನಡುವೆ ನಿಂತವನಿಗೆ ಟೀ ಯಾವುದು ಮದ್ಯ ಯಾವುದು ಎಂದು ತಿಳಿಯಬಾರದೇ, ನಟನೆಗೂ ನಿಜಕ್ಕೂ ವ್ಯತ್ಯಾಸ ತಿಳಿಯದವನು ಟೀವಿಯ ಬಾರಿನವರನ್ನು ಆಡಿಕೊಳ್ಳುತ್ತಿದ್ದೆಯಲ್ಲ, ಈಗ ನಿನ್ನ ಮಾನವೂ ಹೋಯಿತು ನನ್ನದೂ ಹೋಯಿತು ಎಂದೆ. ಯಾವಾಗಲೂ 'ನೀವು' ಎನ್ನುತ್ತಿದ್ದವನು ಅಂದು ಸಿಟ್ಟಿನಲ್ಲಿ 'ನೀನು' ಎಂದೆ. ಅಂಕಯ್ಯ ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತ ಕೂತಿದ್ದ.

'ನಂದೇ ತಪ್ಪು ಬುಡಿ ಮೇಷ್ಟ್ರೇ. ಗೊತ್ತಾಗ್ನಿಲ್ಲ.'

ಇಷ್ಟಕ್ಕೇ ನಾನು ಬಿಟ್ಟಿದ್ದರೆ ಇಂದು ಇಷ್ಟು ನಾಚಿಕೆಪಡಬೇಕಿರಲಿಲ್ಲ. ಬರೆಯುವವರ ಬುದ್ಧಿ ಎಂಥದೆಂದರೆ, ಕೈಗೆ ಸಿಕ್ಕಿದ್ದನ್ನು ಪ್ರಹಸನ ಮಾಡದೆ ಬಿಡುವುದಿಲ್ಲ. ಟೀ ಕುಡಿದು ತೂರಾಡುವ ನಟನಿಗೆ ಅಮಲೇರಿದೆಯೆಂದು ನಂಬಿ, ಅವನನ್ನು ಬಸ್ಸು ಹತ್ತಿಸಲು ಹೊರಟ ಪೆದ್ದ ಬಾರಿನವನೊಬ್ಬನ ಪ್ರಹಸನವನ್ನು ಎರಡೇ ದಿನದಲ್ಲಿ ಬರೆದುಕೊಟ್ಟೆ. ಬೂದಿಬಣ್ಣದ ಸಫಾರಿಯನ್ನೂ ಬಿಡಲಿಲ್ಲ, ಅಡ್ಡನಡಿಗೆಯನ್ನೂ ಬಿಡಲಿಲ್ಲ. ಸುನೀಲ ಅದರಲ್ಲಿ ಮಾಡಲೊಪ್ಪದೆ ರಜೆ ಹಾಕಿ ಊರಿಗೆ ಹೋದ, ಬೇರೆಯವರು ಮಾಡಿದರು. ಜನ ಬಿದ್ದುಬಿದ್ದು ನಕ್ಕರು. ಹುಣಸೂರಿನಲ್ಲಂತೂ ಕೇಳುವುದೇ ಬೇಡ. ಅಷ್ಟು ಹೊತ್ತಿಗೆ ಬಾರು ಹೋಗಿ ಕಿಂಡಿ ಬಂದಿತ್ತು, ಕಿಂಡಿಯ ಹಿಂದೆ ಅಂಕಯ್ಯ ಕೂತಿದ್ದ. ಬಂದವರೆಲ್ಲ ಜಾಲರಿಯೊಳಗೆ ಕೈ ಚಾಚಿ, ಇದು ಎಣ್ಣೆಯೋ ಟೀಯೋ ಸರಿಯಾಗಿ ಮೂಸಿ ನೋಡಿ ಕೊಡು ಎನ್ನುತ್ತಿದ್ದರೆಂದು ನನ್ನ ವಿದ್ಯಾರ್ಥಿ ಬಂದು ಹೇಳಿದ. ನಾನು ಆಗಲೂ ನಕ್ಕೆ.

ಎರಡು ತಿಂಗಳ ಮೇಲೆ, ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ ಬೆಳಗ್ಗೆ, ಸುನೀಲ್ಕುಮಾರ್ ಪಿರಿಯಾಪಟ್ಟಣದ ನನ್ನ ಮನೆಗೆ ಬಂದ. ಮೈ ಇಳಿದಿತ್ತು, ಕಣ್ಣು ತಿಳಿಯಾಗಿತ್ತು. ಕೊಟ್ಟ ಕಾಫಿ ಲೋಟವನ್ನು ಕುಡಿಯದೆ ಪಕ್ಕಕ್ಕೆ ಸರಿಸಿದ.

'ಅವತ್ತು ಆ ಬಾಟ್ಲಲ್ಲಿ ಇದ್ದಿದ್ದು ಟೀ ಅಲ್ಲ ಮೇಷ್ಟ್ರೇ. ನಾನೇ ಬದ್ಲಾಯ್ಸಿದ್ದೆ.'

ಆಮೇಲಿನದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಕುಡಿಯದೆ ಕ್ಯಾಮೆರಾದೆದುರು ನಿಲ್ಲಲಾಗದ ಸ್ಥಿತಿಗೆ ಬಂದು ವರ್ಷವಾಗಿತ್ತಂತೆ. ಚಾನೆಲ್ಲಿನವರು ಎರಡು ಸಲ ಎಚ್ಚರಿಸಿ, ಇನ್ನೊಮ್ಮೆ ಸಿಕ್ಕಿಬಿದ್ದರೆ ಹೊರಗೆ ಹಾಕುತ್ತೇವೆಂದಿದ್ದರಂತೆ. ಅಂದು ಬರುವಾಗಲೇ ಕುಡಿದು ಬಂದು, ಯಾರೂ ನೋಡದಿದ್ದಾಗ ಟೀಯ ಬಾಟಲಿ ತೆಗೆದು ತನ್ನದನ್ನು ಇಟ್ಟಿದ್ದನಂತೆ. ಆ ಸ್ಥಿತಿಯಲ್ಲಿ ಕೌಂಟರಿನ ಮೇಲಿಂದ ಹಿಮ್ಮುಖವಾಗಿ ಬಿದ್ದಿದ್ದರೆ ಹಾಸಿಗೆ ಎಲ್ಲಿದೆಯೆಂದು ತನಗೆ ತಿಳಿಯುತ್ತಿರಲಿಲ್ಲ ಎಂದ. ಅಷ್ಟು ಜನರ ನಡುವೆ ಗುರುತು ಹಿಡಿದವನು ಅಂಕಯ್ಯನೊಬ್ಬನೇ. 'ಇದು ಮದ್ಯ' ಎಂದು ಒಂದು ಮಾತು ಆಡಿದ್ದರೆ ಅಂಕಯ್ಯನ ಪಾತ್ರ ಉಳಿಯುತ್ತಿತ್ತು, ಸುನೀಲನ ಬದುಕು ಅಲ್ಲಿಗೆ ಮುಗಿಯುತ್ತಿತ್ತು. ಅಂಕಯ್ಯ ತಪ್ಪನ್ನು ಇರುವೆಯ ಮೇಲೆ ಹಾಕಿದ, ಬಾಟಲಿಯನ್ನು ತೊಳೆದಿಟ್ಟ, ಹೊರಗೆ ನಡೆದ. ಸುನೀಲ ರಜೆ ಹಾಕಿ ಊರಿಗೆ ಹೋದವನು ಕುಡಿತ ಬಿಡಿಸುವ ಕೇಂದ್ರ ಸೇರಿ, ಹಿಂದಿನ ದಿನವಷ್ಟೇ ನಿರ್ದೇಶಕರೆದುರು ಎಲ್ಲವನ್ನೂ ಒಪ್ಪಿಕೊಂಡು ಬಂದಿದ್ದ. ಅವರು ಅವನನ್ನು ಹೊರಗೆ ಹಾಕಲಿಲ್ಲ. ಅಂಕಯ್ಯನನ್ನು ಕರೆಸಿಕೊಳ್ಳಿ, ಪಾತ್ರ ಅವರದೇ ಎಂದು ನನಗೆ ಹೇಳಿಕಳಿಸಿದ್ದರು.

ಬಸ್ಸಿನಲ್ಲಿ ನಾನು ಆಡಿದ ಒಂದೊಂದು ಮಾತೂ, ಪ್ರಹಸನದ ಒಂದೊಂದು ಸಾಲೂ ಎದುರು ಬಂದು ನಿಂತವು. ಅಂಕಯ್ಯನಿಗೆ ಟೀಯೂ ಗೊತ್ತಿತ್ತು, ಮದ್ಯವೂ ಗೊತ್ತಿತ್ತು, ಸುನೀಲನ ಮುಖವೂ ಗೊತ್ತಿತ್ತು, ಗೊತ್ತಿಲ್ಲದಿದ್ದವನು ನಾನು.

ಅಕ್ಟೋಬರ್ ಎರಡರಂದು ಮದ್ಯದಂಗಡಿಗಳಿಗೆ ರಜೆ. ಅಂದು ಮಧ್ಯಾಹ್ನ ಹುಣಸೂರಿನ ಕಲ್ಕುಣಿಕೆಯಲ್ಲಿದ್ದ ಅಂಕಯ್ಯನ ಮನೆಗೆ ಹೋದೆ. ಊಟದ ಹೊತ್ತು. ಅಂಕಯ್ಯ ಬನಿಯನ್ನಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಎದ್ದು, ನಾಚಿ, ಒಳಗೆ ಹೋಗಿ ಸಫಾರಿ ಹಾಕಿಕೊಂಡು ಬಂದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಪ್ರಹಸನ ಚೆನ್ನಾಗಿತ್ತು, ಜನ ಬಹಳ ನಕ್ಕರು ಎಂದು ಹೇಳಿದ. ಕುಹಕವಿಲ್ಲದೆ ಹೇಳಿದ, ಅದು ಇನ್ನಷ್ಟು ಚುಚ್ಚಿತು. ಪ್ರಮೀಳಾ ಮಾತ್ರ ನೀರಿನ ಚೊಂಬನ್ನು ಸದ್ದಾಗುವಂತೆ ಕೆಳಗಿಟ್ಟಳು.

'ಮೂವತ್ತೊರ್ಸ ಎಣ್ಣೆ ಮಧ್ಯೆ ನಿಂತೋರ್ನ ಟೀನೇ ಗೊತ್ತಿಲ್ದೋರು ಅಂತ ಮಾಡ್ಬುಟ್ರಲ್ಲ ಮೇಷ್ಟ್ರೇ. ನಾವು ಬೀದಿನಲ್ಲಿ ಓಡಾಡದು ಬ್ಯಾಡ್ವಾ?'

ಆಕೆಗೂ ಹೇಳಿರಲಿಲ್ಲ! ಊರೆಲ್ಲ ನಗುವಾಗ, ಹೆಂಡತಿ ಅವಮಾನದಿಂದ ಕಣ್ಣೀರು ಹಾಕುವಾಗ, ನಾಲ್ಕು ಗೋಡೆಯ ಒಳಗೆ ಒಂದು ಪಿಸುಮಾತಿನಲ್ಲಿ ಮುಗಿಸಬಹುದಾದ ಮಾತನ್ನು ಅವನು ಆಡಿರಲಿಲ್ಲ. ನಾನು ಕೈಮುಗಿದು ಆಕೆಗೆ ಎಲ್ಲವನ್ನೂ ಹೇಳಿದೆ. ಸುನೀಲನೇ ಬಂದು ಒಪ್ಪಿಕೊಂಡದ್ದನ್ನು, ಬಾಟಲಿಯಲ್ಲಿ ಇದ್ದದ್ದು ಏನೆಂಬುದನ್ನು, ತಪ್ಪೆಲ್ಲ ನನ್ನದೆಂಬುದನ್ನು. ಪ್ರಮೀಳಾ ಗಂಡನ ಕಡೆ ತಿರುಗಿದಳು. ಅಂಕಯ್ಯ ಅವರೆಕಾಯಿಯ ಮೊರವನ್ನು ಮತ್ತೆ ಮುಂದಕ್ಕೆಳೆದುಕೊಂಡ.

'ಮೇಷ್ಟ್ರು ನಮ್ಗೆ ಸಮಾಧಾನ ಆಗ್ಲಿ ಅಂತ ಯೋಳ್ತಾವ್ರೆ ಕಣೆ. ಅದು ಟೀನೇಯ.'

ಕುಡಿದವನೇ ಕುಡಿದೆನೆಂದು ಒಪ್ಪಿಕೊಂಡ ಮೇಲೂ ಇವನು ಒಪ್ಪಲೊಲ್ಲ. ಅವರು ಹೇಳಿಕೊಳ್ಳುವುದು ಅವರಿಗೆ ಬಿಟ್ಟದ್ದು, ತಾನು ಕಂಡದ್ದನ್ನು ಹೇಳುವುದಕ್ಕೆ ಬರುವುದಿಲ್ಲ ಎಂಬುದಷ್ಟೇ, ನಾನು ಬಹಳ ಪೀಡಿಸಿದ ಮೇಲೆ, ಅವನ ಬಾಯಿಂದ ಹೊರಟದ್ದು. ಪ್ರಮೀಳಾ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಮದುವೆಯಾದಂದಿನಿಂದ ಇವತ್ತಿನವರೆಗೆ ಇಂಥವರು ಇಷ್ಟು ಕುಡಿದರು, ಹೀಗೆ ಮಾತಾಡಿದರು ಎಂದು ಒಂದು ದಿನವೂ ಮನೆಗೆ ಬಂದು ಹೇಳಿದವರಲ್ಲ ಇವರು, ತನ್ನ ಸ್ವಂತ ತಮ್ಮ ಅಲ್ಲಿಗೆ ಹೋಗುತ್ತಿದ್ದನೆಂದು ತನಗೆ ಹತ್ತು ವರ್ಷ ತಿಳಿದಿರಲಿಲ್ಲ ಎಂದಳು. ಎದ್ದು ಒಳಗೆ ಹೋದವಳು ನನಗೂ ತಟ್ಟೆ ಹಾಕಿದಳು.

ಮುದ್ದೆ ಮುರಿಯುತ್ತ ನಾನು ಚಾನೆಲ್ಲಿನ ಕರೆಯನ್ನು ಮುಂದಿಟ್ಟೆ. ಅಂಕಯ್ಯ ಎರಡು ತುತ್ತು ನುಂಗುವವರೆಗೆ ಯೋಚಿಸಿದ. ಬರುತ್ತೇನೆಂದ, ಶೂಟಿಂಗಿನ ದಿನ ಕನಕರಾಜು ರಜೆ ಕೊಡುತ್ತಾನೆಂದ, ಸುನೀಲ್ಕುಮಾರರೇ ಗಿರಾಕಿಯಾಗಬೇಕೆಂದ. ಆಮೇಲೆ ತಟ್ಟೆಯಿಂದ ಕಣ್ಣೆತ್ತದೆಯೇ ಇನ್ನೊಂದು ಷರತ್ತು ಹಾಕಿದ.

'ಟೀ ಮಾತ್ರ ನಾನೇ ಕಾಯಿಸ್ತೀನಿ ಮೇಷ್ಟ್ರೇ. ಬಾಟ್ಲುಗೂ ನಾನೇ ತುಂಬ್ತೀನಿ.'

ಈಗ ಆ ಸರಣಿ ನಡೆಯುತ್ತಿದೆ, ನೋಡಿದವರಿಗೆ ಅಂಕಯ್ಯ ಯಾರೆಂದು ಗೊತ್ತು. ಈ ಬರಹವನ್ನು ಸುನೀಲ ಓದಿ, ತನ್ನ ಹೆಸರನ್ನು ಬದಲಿಸದೆ ಹಾಗೆಯೇ ಹಾಕಬೇಕೆಂದು ಹೇಳಿದ ಮೇಲೆಯೇ ಅಚ್ಚಿಗೆ ಕೊಟ್ಟಿದ್ದೇನೆ. ಅಂಕಯ್ಯನಿಗೆ ತೋರಿಸಿಲ್ಲ. ತೋರಿಸಿದರೆ ಎಲ್ಲ ಸುಳ್ಳೆಂದು ನಗುತ್ತಾನೆ, ಆ ನಗುವಿನೆದುರು ನನಗೇ ಅನುಮಾನ ಬಂದೀತು.

ಇಂಥವರು ಬಾರಿನಲ್ಲಿ ಮಾತ್ರ ಇರುತ್ತಾರೆಂದಲ್ಲ. ಔಷಧಿ ಅಂಗಡಿಯಲ್ಲಿ ಚೀಟಿಯನ್ನು ಓದಿ ಏನೂ ಓದದವರಂತೆ ಮಾತ್ರೆ ಕಟ್ಟಿಕೊಡುವವರು, ಕ್ಷೌರದ ಕುರ್ಚಿಯ ಹಿಂದೆ ನಿಂತು ಊರಿನ ತಲೆಗಳೊಳಗಿನದನ್ನೆಲ್ಲ ಕೇಳಿಸಿಕೊಳ್ಳುವವರು, ಹೆರಿಗೆ ಮಾಡಿಸಿ ಮರುದಿನ ಬೀದಿಯಲ್ಲಿ ಎದುರಾದರೆ ಸಾಮಾನ್ಯವಾಗಿ ಕ್ಷೇಮ ವಿಚಾರಿಸಿ ಹೋಗುವವರು. ನಾವು ಇವರ ಮುಂದೆ ನಮ್ಮ ದೌರ್ಬಲ್ಯಗಳನ್ನು ಹರಡಿ, ಎದ್ದು, ಬಟ್ಟೆ ಕೊಡವಿಕೊಂಡು ಹೊರಟುಬಿಡುತ್ತೇವೆ. ಆಮೇಲೆ ಹಾಡಿನಲ್ಲಿ, ಹಾಸ್ಯದಲ್ಲಿ ಇವರನ್ನು ಪೆದ್ದರನ್ನಾಗಿ ಮಾಡಿ ನಗುತ್ತೇವೆ. ಅವರೂ ನಮ್ಮೊಂದಿಗೆ ಕೂತು ನಗುತ್ತಾರೆ. ಒಂದು ಊರಿನ ಮರ್ಯಾದೆ ಅದರ ದೊಡ್ಡ ಮನುಷ್ಯರಿಂದ ಉಳಿದಿದೆಯೆಂದು ನಾನು ಮೂವತ್ತು ವರ್ಷ ಪಾಠದಲ್ಲಿ ಹೇಳಿದ್ದೇನೆ. ಅದು ಶುದ್ಧ ತಪ್ಪು. ನಮ್ಮ ಮರ್ಯಾದೆ ಉಳಿದಿರುವುದು ನಮ್ಮನ್ನು ಪೂರ್ತಿ ಕಂಡೂ ಬಾಯಿ ಬಿಡದ ಹತ್ತಾರು ಜನರಿಂದ, ಮತ್ತು ಅವರ ಹೆಸರುಗಳನ್ನು ಕೇಳಿದರೆ ನಮ್ಮಲ್ಲಿ ಯಾರಿಗೂ ಥಟ್ಟನೆ ನೆನಪಾಗುವುದಿಲ್ಲ.